ಕೆದ್ಲಾಯರ ಹೋಟೆಲಿನ ಮೌನಿ

ಎಗ್ಮೋರ್ ಸ್ಟೇಷನ್ನಿನ ಹತ್ತಿರ ಕೆದ್ಲಾಯರ ಹೋಟೆಲಿನಲ್ಲಿ ಸಪ್ಲೈಯರ್ ಸುಬ್ರಾಯನನ್ನು ಮೊದಲ ಸಲ ಕಂಡಾಗ ತಿರುಮಲರಾಯರು ಅವನನ್ನು ಮಹಾತ್ಮನೆಂದೇ ತಿಳಿದರು. ತಪ್ಪೆಲ್ಲ ರಾಯರದೇ ಎನ್ನುವಂತಿಲ್ಲ. ಅದು ಐವತ್ತೇಳನೆಯ ಇಸವಿಯ ಆಷಾಢ, ಚಾತುರ್ಮಾಸ್ಯ ಹಿಡಿದ ದಿನ. ಬೆಳಿಗ್ಗೆಯಷ್ಟೇ ದೇವರ ಮುಂದೆ ನಿಂತು ವ್ರತಕ್ಕೆ ಸಂಕಲ್ಪ ಮಾಡಿ ಬಂದಿದ್ದ ರಾಯರಿಗೆ ಊರಿಗೆ ಊರೇ ಸಂಕಲ್ಪ ಮಾಡಿಕೊಂಡಂತೆ ಕಾಣುತ್ತಿತ್ತು. ಸಂಜೆ ಆಫೀಸು ಬಿಟ್ಟು ಬಂದವರು ಮೂಲೆಯ ಮೇಜಿಗೆ ಕೂತು, ಸೂಪರಿಂಟೆಂಡೆಂಟರಿಗೆ ತಕ್ಕ ಗತ್ತಿನಲ್ಲಿ, "ಏನ್ರೀ ಇದೆ ಇವತ್ತು?" ಎಂದರು.

ಮದರಾಸಿನ ಯಾವ ಉಡುಪಿ ಹೋಟೆಲಿನಲ್ಲಾದರೂ ಈ ಪ್ರಶ್ನೆಗೆ ಸಪ್ಲೈಯರ್ ಬಾಯಿಂದ ಇಡ್ಲಿಯಿಂದ ಹಿಡಿದು ಬಾದಾಮಿ ಹಲ್ವದವರೆಗೆ ಒಂದೇ ಉಸಿರಿಗೆ ಉದುರಬೇಕು. ಸುಬ್ರಾಯನ ಬಾಯಿಂದ ಏನೂ ಉದುರಲಿಲ್ಲ. ಅವನು ತುಟಿಯ ಮೇಲೆ ಬೆರಳಿಟ್ಟು, ತಲೆಯಾಡಿಸಿ, ಗೋಡೆಯ ಮೇಲಿನ ತಿಂಡಿಯ ಹಲಗೆಯನ್ನು ತೋರಿಸಿದ.

ರಾಯರ ಮೈ ಜುಮ್ಮೆಂದಿತು. "ಮೌನವೇ? ಚಾತುರ್ಮಾಸ್ಯ ಪೂರ್ತಿಯೇ?"

ಸುಬ್ರಾಯ ಮುಖ ಸಿಂಡರಿಸಿದ. 'ಕನ್ನಡಕ ಹಾಕಿದ್ದು ಶೋಕಿಗಾ? ಹಲಗೆ ಓದು, ಮುದಿ ಗೂಬೆ' ಎಂಬುದು ಆ ಸಿಂಡರಿಕೆಯ ಅರ್ಥ. ರಾಯರು ಅದನ್ನು ವೈರಾಗ್ಯವೆಂದು ಓದಿಕೊಂಡರು. ಎದ್ದು ನಿಂತರು, ಅಂಗವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡರು, ಸುತ್ತಲಿನ ಮೇಜುಗಳಿಗೆಲ್ಲ ಕೇಳುವ ಹಾಗೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಸಾರಿದರು: "ಸಾರ್, ಇವರು ಮೌನವ್ರತದಲ್ಲಿದ್ದಾರೆ. ಯಾರೂ ಮಾತಾಡಿಸಬೇಡಿ. ಮಾತಾಡಿಸಿದ ಪಾಪಂ ನಮಗೇ ಸುತ್ತಿಕೊಳ್ಳತ್ತೆ!"

ಸುಬ್ರಾಯನ ಮೌನದಲ್ಲಿ ದೇವರ ಕೈ ಇರಲಿಲ್ಲ. ಅದು ಕೆದ್ಲಾಯರ ಉಗ್ರಾಣದ ಕೆಲಸ.

ಅವನ ಊರು ಉಡುಪಿಯ ಹತ್ತಿರ, ಹೊಳೆಯ ಬದಿ. ಆಚೆ ದಡದಲ್ಲಿರುವ ದೋಣಿಯವನನ್ನು ಕರೆಯಬೇಕಾದವರು ಮೊದಲು ಸುಬ್ರಾಯನನ್ನು ಕರೆಯುತ್ತಿದ್ದರು. ಅವನು ಕಡವಿನಲ್ಲಿ ನಿಂತು ಒಂದು ಕೂಗು ಹಾಕಿದರೆ, ಆಚೆ ದೋಣಿಯೊಳಗೆ ಮಲಗಿದ್ದವನು ಬೈದುಕೊಳ್ಳುತ್ತ ಎದ್ದು ಹುಟ್ಟು ಹಿಡಿಯುತ್ತಿದ್ದ. ಹೆಂಡತಿ ಜಲಜಾಕ್ಷಿ ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದಳು: "ನಿಮ್ಮ ಹತ್ರ ಗುಟ್ಟು ಮಾತಾಡುವುದಾದ್ರೆ ನನಗೆ ಮಾತ್ರ ಹೇಳ್ಲಿಕ್ಕೆ ಬಿಡಿ. ನೀವು ಉತ್ತರ ಕೊಡ್ಬೇಡಿ." ಇದೇ ಸ್ವರ ಅವನಿಗೆ ಮದರಾಸಿನಲ್ಲಿ ಅನ್ನ ಕೊಟ್ಟಿತು. ಕೆದ್ಲಾಯರಲ್ಲಿ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ಹೇಳಿದ್ದನ್ನು ಸಪ್ಲೈಯರ್ ನಿಂತಲ್ಲಿಂದಲೇ ಅಡುಗೆಮನೆಗೆ ಕೂಗಿ ಹೇಳಬೇಕು. ಉಳಿದವರು ಕೂಗುವಾಗ ಸ್ಟೇಷನ್ನಿನಲ್ಲಿ ರೈಲು ಸಿಳ್ಳೆ ಹಾಕಿದರೆ ಪೂರಿಗೆ ಬದಲು ಪೊಂಗಲ್ ಬರುತ್ತಿತ್ತು. ಸುಬ್ರಾಯ ಕೂಗಿದಾಗ ಸಿಳ್ಳೆಯೇ ಕೇಳುತ್ತಿರಲಿಲ್ಲ.

ಗಿರಾಕಿ ಹೇಳಿದ್ದನ್ನು ಒಂದಕ್ಷರ ಬಿಡದೆ ಒಳಗೆ ಮುಟ್ಟಿಸಬೇಕೆಂಬುದು ಅವನ ನಿಷ್ಠೆ. ಆ ನಿಷ್ಠೆಯೇ ಅವನನ್ನು ಮುಗಿಸಿತು. ಒಂದು ಮಧ್ಯಾಹ್ನ ಹಾಲ್ ಕಿಕ್ಕಿರಿದಿದ್ದಾಗ ಅವನು ಎಂದಿನ ಕಂಠದಲ್ಲಿ ಕೂಗಿದ: "ಕಿಟಕಿ ಮೇಜಿಗೆ ಒಂದು ಪ್ಲೇಟ್ ಇಡ್ಲಿ! ನಿನ್ನೆಯ ಸಾಂಬಾರು ಬೇಡವಂತೆ, ಇವತ್ತಿನದ್ದೇ ಹಾಕ್ಬೇಕಂತೆ!"

ಸಾಂಬಾರಿನಲ್ಲಿ ಮುಳುಗಿದ್ದ ಬೆರಳುಗಳು ಹಾಗೆಯೇ ನಿಂತವು. ಗಲ್ಲಾದಲ್ಲಿ ಕೂತಿದ್ದ ಕೆದ್ಲಾಯರು ಹಣೆಯ ಗೋಪೀಚಂದನ ಬಿರಿಯುವಷ್ಟು ಹುಬ್ಬು ಗಂಟಿಕ್ಕಿದರು. ಗಿರಾಕಿಗಳು ಖಾಲಿಯಾದ ಮೇಲೆ ಕರೆಸಿದರು.

"ನಿನ್ನ ಸ್ವರ ನನ್ನ ಹೋಟೆಲು ಮುಚ್ಚಿಸ್ತದೆ ಮಾರಾಯ."

"ಗಿರಾಕಿ ಹೇಳಿದ್ದನ್ನು ಹೇಳಿದೆ. ಸಾಂಬಾರು ನಿನ್ನೆಯದ್ದು ಹೌದಲ್ವಾ?"

"ಹೌದೋ ಅಲ್ವೋ ಅಂತ ಕೇಳ್ಲಿಕ್ಕೆ ನೀನು ಜಡ್ಜಾ? ನಾಳೆಯಿಂದ ನೀನು ಉಗ್ರಾಣಕ್ಕೆ. ಅಲ್ಲಿ ಎಷ್ಟು ಬೇಕಾದ್ರೂ ಬೊಬ್ಬೆ ಹೊಡಿ. ಬಡ್ತಿ ಅಂತ ತಿಳ್ಕೊ."

ಉಗ್ರಾಣ ಅಡುಗೆಮನೆಯ ಕೆಳಗೆ, ನೆಲದೊಳಗೆ ಇಳಿದ ಒಂದು ಕೋಣೆ. ಕಿಟಕಿಯೆಂದು ಇದ್ದದ್ದು ಇಲಿ ಬರುತ್ತದೆಂದು ಮುಚ್ಚಿಹೋಗಿತ್ತು. ಇಲಿ ಬಾಗಿಲಿನಿಂದ ಬರುತ್ತಿತ್ತು. ಮೇಲೆ ಪಾತ್ರೆ ತೊಳೆದ ನೀರು ಗೋಡೆಯಲ್ಲಿ ಇಳಿದು ಅಕ್ಕಿಮೂಟೆಗಳ ಬೆನ್ನಿಗೆ ತಾಗುತ್ತಿತ್ತು. ಹುಣಸೆಯ ಮೇಲೆ ಬೂಷ್ಟು, ಬೆಲ್ಲದ ಮೇಲೆ ಬೂಷ್ಟು, ಗೋಣಿಯ ಮೇಲೆ ಬೆಕ್ಕಿನ ರೋಮದ ಹಾಗೆ ಬೆಳೆದ ಹಸಿರು ಬೂಷ್ಟು. ಮೂಟೆ ಕೊಡವಿದರೆ ಅದು ಹೊಗೆಯಂತೆ ಏಳುತ್ತಿತ್ತು. ಹುಳಕ್ಕೆಂದು ಡಿಡಿಟಿ ಪುಡಿಯನ್ನು ಕೈಯಿಂದಲೇ ಎರಚಬೇಕು. ಗೋಡೆಗೆ ಬ್ಲೀಚಿಂಗ್ ಪೌಡರ್ ಬಳಿಯಬೇಕು. ಆಗಾಗ ಬಾಣಲೆಯಲ್ಲಿ ಕೆಂಡ ಹಾಕಿ, ಗಂಧಕ ಸುರಿದು, ಬಾಗಿಲು ಮುಚ್ಚಿ ಬರಬೇಕು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಬಾಣಲೆ ತರಬೇಕು. ಇದಕ್ಕೆ ಕೆದ್ಲಾಯರು ಇಟ್ಟ ಹೆಸರು 'ಶುದ್ಧಿ'.

ಮೂಟೆ ಹೊರುವ ಐತ ಹೊಸಿಲಿನಲ್ಲೇ ಮೂಟೆ ಇಳಿಸಿಬಿಡುತ್ತಿದ್ದ. "ಅದರೊಳಗೆ ನಾನು ಬರುವುದಿಲ್ಲ ಭಟ್ರೇ. ನನಗೆ ಮಕ್ಕಳಿದ್ದಾರೆ."

ಸ್ವರ ಒಮ್ಮೆಲೇ ಹೋಗಲಿಲ್ಲ. ಹಳೆಯ ಮನೆಯ ಹೆಂಚು ಜಾರುವ ಹಾಗೆ ಒಂದೊಂದೇ ಜಾರಿತು. ಮೊದಲು ಗಂಟಲಲ್ಲಿ ಕೂದಲು ಸಿಕ್ಕಿದಂತೆ ಕೆರೆತ. ಆಮೇಲೆ ಬೆಳಗಿನ ಕೆಮ್ಮು. ಆಮೇಲೆ ಕೂಗಿದರೆ ಮೇಲಿನ ಸ್ವರ ಒಡೆದು ಗಾಳಿ ಮಾತ್ರ ಬರತೊಡಗಿತು. ಒಂದು ದಿನ ಏಣಿ ಹಿಡಿಯಲು ಕೆಳಗಿನಿಂದ ಐತನನ್ನು ಕರೆದ. ಬಾಗಿಲಲ್ಲೇ ನಿಂತಿದ್ದ ಐತ ತಿರುಗಿ ನೋಡಲಿಲ್ಲ. ಹೊಳೆಯಾಚೆಯವನನ್ನು ಎಬ್ಬಿಸಿದ ಸ್ವರ ಬಾಗಿಲವರೆಗೆ ಹೋಗಲಿಲ್ಲ. ಸುಬ್ರಾಯ ಆ ದಿನ ಅಕ್ಕಿಮೂಟೆಯ ಮೇಲೆ ಕೂತು, ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಕೆದ್ಲಾಯರ ಹೆಸರಿಗೆ ಬೈದ. ಒಂದೂ ಕೇಳಿಸಲಿಲ್ಲ. ಅವನಿಗೆ ಹೆಚ್ಚು ನೋವಾದದ್ದು ಅದಕ್ಕೇ.

ಗಂಟಲಿನ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, ಒಳಗೆ ಹಸಿಗಾಯದ ಹಾಗೆ ಊದಿದೆ ಎಂದರು. ಬೂಷ್ಟಿನ ಧೂಳು, ಪುಡಿ, ಗಂಧಕ, ಇವುಗಳ ಹತ್ತಿರ ಸುಳಿಯಬಾರದು. ತಾನು ಹೇಳುವವರೆಗೆ ಒಂದು ಮಾತೂ ಆಡಬಾರದು, ಪಿಸುಮಾತಂತೂ ಬೇಡವೇ ಬೇಡ. ಹಾಗಿದ್ದರೆ ಸ್ವರ ಬಂದರೂ ಬರಬಹುದು. ಉಗ್ರಾಣಕ್ಕೆ ಮತ್ತೆ ಇಳಿದರೆ ಆ ಆಸೆ ಬಿಟ್ಟುಬಿಡು ಎಂದು ತಮಿಳಿನಲ್ಲಿ ಖಂಡಿತವಾಗಿ ಹೇಳಿ ಕಳಿಸಿದರು.

ಕೆದ್ಲಾಯರಿಗೆ ಇದನ್ನು ಡಾಕ್ಟರರಲ್ಲಿಗೆ ಜೊತೆಗೆ ಹೋಗಿದ್ದ ಐತ ಹೇಳಿದ. ಅವರು ನಕ್ಕರು. "ನನ್ನ ಅಪ್ಪನ ಕಾಲದಿಂದ ಉಗ್ರಾಣ ಹಾಗೇ ಉಂಟು. ನಮಗೆಲ್ಲ ಎಂತ ಆಗಿದೆ?"

ಆ ಅಪ್ಪನಾಗಲಿ ಮಗನಾಗಲಿ ಉಗ್ರಾಣದ ಮೆಟ್ಟಿಲು ಇಳಿದವರಲ್ಲ ಎಂದು ಸುಬ್ರಾಯ ಹೇಳುತ್ತಿದ್ದ, ಹೇಳುವಂತಿದ್ದರೆ.

"ಉಗ್ರಾಣ ಬೇಡವಾ? ಸರಿ, ಹಾಲ್‌ಗೆ ಬಾ," ಎಂದರು ಕೆದ್ಲಾಯರು. "ಮೂಗ ಸಪ್ಲೈಯರನ್ನು ಗಿರಾಕಿಗಳು ವಾರದೊಳಗೆ ಓಡಿಸ್ತಾರೆ. ಆಗ ನೀನಾಗಿಯೇ ಕೀಲಿಕೈ ಕೇಳಿಕೊಂಡು ಬರ್ತಿ. ನೋಡುವಾ."

ಆ ವಾರದಲ್ಲೇ ತಿರುಮಲರಾಯರು ಮೂಲೆಯ ಮೇಜಿಗೆ ಬಂದು ಕೂತದ್ದು.

ರಾಯರ ಸಾರುವಿಕೆ ನುಂಗಂಬಾಕ್ಕಂ, ತಿರುವಲ್ಲಿಕ್ಕೇಣಿಯ ವೈಷ್ಣವ ಮನೆಗಳಿಗೆಲ್ಲ ಹಬ್ಬಿತು. ಮೌನಿಯ ಕೈಯಿಂದ ಕಾಫಿ ಕುಡಿದು ಪಾವನರಾಗಲು ಜನ ಬರತೊಡಗಿದರು. ಕೆಲವರು ಭಕ್ತಿಯಿಂದ ತಾವೂ ಮಾತು ಬಿಟ್ಟು, ಬೆರಳಲ್ಲೇ ದೋಸೆಯ ಆಕಾರ ಬರೆದು ತೋರಿಸಿದರು. ರವೆದೋಸೆಗೂ ಸಾದಾ ದೋಸೆಗೂ ಆಕಾರ ಒಂದೇ ಆದ್ದರಿಂದ ಸುಬ್ರಾಯ ಕೈಗೆ ಸಿಕ್ಕಿದ್ದನ್ನು ತಂದಿಟ್ಟ. ಅದನ್ನು ಅವರು ಪ್ರಸಾದವೆಂದು ತಿಂದರು. ಕೆದ್ಲಾಯರು ಮೂಢರಲ್ಲ. ವಾರ ಕಳೆಯುವ ಮೊದಲೇ ಮೂಲೆಯ ಗೋಡೆಗೆ ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡು ಬಂತು: 'ಇಲ್ಲಿ ಮೌನವ್ರತಿಗಳು ಬಡಿಸುತ್ತಾರೆ. ಮಾತನಾಡಿಸಬಾರದು.'

ಅಡುಗೆಮನೆಯವರು ಸುಬ್ರಾಯನಿಗೆ ಅಡ್ಡಬೀಳುವ ನಾಟಕವಾಡಿದರು. "ಸ್ವಾಮಿಗಳೇ, ಈ ಚಟ್ನಿಗೆ ಉಪ್ಪು ಸಾಕಾ? ಅಪ್ಪಣೆ ಆಗ್ಲಿ!" ಸುಬ್ರಾಯ ಸೌಟು ಎತ್ತಿದ. ಅಪ್ಪಣೆ ಅರ್ಥವಾಯಿತು.

ಈ ಹಾಸ್ಯವನ್ನೆಲ್ಲ ಅವನು ಸಹಿಸಿಕೊಂಡದ್ದಕ್ಕೆ ಕಾರಣ ಶೀನ. ಹಿಂದೆ ಇದೇ ಹಾಲಿನಲ್ಲಿ ಅವನ ಜೊತೆ ಸಪ್ಲೈಯರ್ ಆಗಿದ್ದವನು ಈಗ ನುಂಗಂಬಾಕ್ಕಂನಲ್ಲಿ ಸ್ವಂತ ಹೋಟೆಲು ಇಟ್ಟಿದ್ದ. ಒಂದು ಮಧ್ಯಾಹ್ನ ಬಂದು, ಬೋರ್ಡು ಓದಿ, ಹೊಟ್ಟೆ ಹಿಡಿದು ನಕ್ಕ.

"ಎಂತ ಸಾವು ಮಾರಾಯ ಇದು! ನೀನು ಮೌನಿಯಾ? ನಿನ್ನ ಪಕ್ಕ ನಿಂತು ನನ್ನ ಎಡಗಿವಿ ಹೋಗಿದೆ!" ಆಮೇಲೆ ನಗು ನಿಲ್ಲಿಸಿ ಹೇಳಿದ: "ಕೇಳು. ಕಾರ್ತಿಕದಲ್ಲಿ ಇನ್ನೊಂದು ಹಾಲ್ ತೆರೀತೇನೆ. ಕೂಗುವವ ಒಬ್ಬ ಬೇಕು. ಅಷ್ಟರೊಳಗೆ ಸ್ವರ ಬಂದ್ರೆ ಜಾಗ ನಿನಗೆ. ಬಾರದಿದ್ರೆ ಬೇಜಾರು ಮಾಡ್ಬೇಡ. ಮೂಗನನ್ನು ಇಟ್ಟುಕೊಂಡು ನಾನು ಎಂತ ಮಾಡ್ಲಿ?"

ಅಂದಿನಿಂದ ಸುಬ್ರಾಯನಿಗೆ ಲೆಕ್ಕ ಸ್ಪಷ್ಟವಾಯಿತು. ರಾಯರ ಹುಚ್ಚು ಇರುವವರೆಗೆ ತಾನು ಉಗ್ರಾಣದ ಹೊರಗೆ. ಹೊರಗಿರುವವರೆಗೆ ಗಂಟಲು ವಾಸಿಯಾಗುತ್ತದೆ. ಗಂಟಲು ವಾಸಿಯಾದರೆ ಕೆದ್ಲಾಯರ ಮುಖ ಇನ್ನು ನೋಡಬೇಕಾಗಿಲ್ಲ. ಆದ್ದರಿಂದ ರಾಯರು ಕೈಮುಗಿದಾಗಲೆಲ್ಲ ಅವನು ಕಣ್ಣು ಮುಚ್ಚಿ ನಿಂತು, ಒಳಗೊಳಗೇ ಅವರ ಏಳು ತಲೆಮಾರಿಗೆ ಮಂಗಳಾರತಿ ಎತ್ತುತ್ತಿದ್ದ.

ರಾಯರಿಗೆ ಮೌನಿಯಿಂದ ಇನ್ನೊಂದು ಅನುಕೂಲವಿತ್ತು. ಚಾತುರ್ಮಾಸ್ಯದ ಮೂರನೆಯ ತಿಂಗಳು ಹಾಲು ನಿಷಿದ್ಧ. ಮನೆಯಲ್ಲಿ ಹೆಂಡತಿ ಅಂಬುಜಮ್ಮ ಕಾಫಿ ಕೊಡುತ್ತಿರಲಿಲ್ಲ. ಸುಬ್ರಾಯ ಲೋಟದ ತುಂಬ ನೊರೆಗಾಫಿ ತಂದಿಡುತ್ತಿದ್ದ, ಯಾರಿಗೂ ಹೇಳುವಂತಿರಲಿಲ್ಲ. ನಾಲ್ಕನೆಯ ತಿಂಗಳು ಬೇಳೆ ನಿಷಿದ್ಧ. ಉದ್ದಿನವಡೆಯನ್ನು ರಾಯರು ಗೋಡೆಗೆ ಮುಖ ಮಾಡಿ ತಿಂದರು. 'ತಿನ್ನು, ತಿನ್ನು,' ಎಂದುಕೊಂಡ ಸುಬ್ರಾಯ, 'ನನ್ನ ಸ್ವರ ಬರ್ಲಿ, ನಿನ್ನ ವಡೆಯನ್ನು ತಿರುವಲ್ಲಿಕ್ಕೇಣಿವರೆಗೆ ಕೂಗ್ತೇನೆ.'

ನಡುವೆ ಒಂದು ದಿನ ಅಂಬುಜಮ್ಮನವರೇ ಮಹಾತ್ಮನ ದರ್ಶನಕ್ಕೆ ಬಂದರು. ಆ ಹೊತ್ತು ರಾಯರು ಬಾಳೆಹಣ್ಣಿನ ಚಿಪ್ಪು ಅರ್ಪಿಸಿ, ಚಾತುರ್ಮಾಸ್ಯದ ಮಹಿಮೆಯನ್ನು ಸುಬ್ರಾಯನಿಗೆ ವಿವರಿಸುತ್ತಿದ್ದರು. ಸುಬ್ರಾಯನ ಎರಡು ಕೈಯಲ್ಲೂ ಬಿಸಿ ತಟ್ಟೆ. ಅಂಬುಜಮ್ಮ ಮೌನಿಯ ಮುಖವನ್ನು ಒಂದು ಕ್ಷಣ ನೋಡಿದರು.

"ಏನ್ರೀ, ನಿಮಗೆ ಪುರಿಯಲ್ವೇ, ಅರ್ಥ ಆಗಲ್ವೇ? ಅವರು ನಿಮ್ಮನ್ನ ಬೈತಿದ್ದಾರೆ."

"ಛೆ! ಬಾಯೇ ತೆಗೆದಿಲ್ಲ ಅವರು."

"ಬಾಯಿ ಯಾಕೆ ಬೇಕು? ಕಣ್ಣು ನೋಡಿ. ಶುದ್ಧ ಕೋಪಂ. ನಾನೂ ಎಷ್ಟೋ ವರ್ಷದಿಂದ ನಿಮ್ಮನ್ನ ಹಾಗೇ ನೋಡ್ತಿದ್ದೀನಿ, ನೀವು ಅದನ್ನೂ ಭಕ್ತಿ ಅಂತಲೇ ನೆನಸಿಕೊಂಡಿದ್ದೀರ." ಸುಬ್ರಾಯನತ್ತ ತಿರುಗಿ, "ತಟ್ಟೆ ಸುಡತ್ತೆ, ನೀವು ಹೋಗಿ," ಎಂದರು.

ಮದರಾಸಿನಲ್ಲಿ ತನ್ನನ್ನು ಮನುಷ್ಯನ ಹಾಗೆ ನೋಡಿದವರು ಇವರೊಬ್ಬರೇ ಎಂದು ಸುಬ್ರಾಯನಿಗೆ ಅನ್ನಿಸಿತು. ಆ ಸಂಜೆ ರಾಯರ ವಡೆಗೆ ಎರಡು ಸೌಟು ಚಟ್ನಿ ಹೆಚ್ಚು ಬಿತ್ತು, ಅಂಬುಜಮ್ಮನವರ ಹೆಸರಿನಲ್ಲಿ.

ಕಾರ್ತಿಕ ಹತ್ತಿರ ಬಂದಂತೆ ಮಳೆ ಹಿಡಿಯಿತು. ರಾಯರ ಉತ್ಸಾಹವೂ ಏರಿತು. ಉತ್ಥಾನ ದ್ವಾದಶಿಯ ಸಂಜೆ, ಹೋಟೆಲಿನಲ್ಲೇ ತುಳಸಿಪೂಜೆ ಮಾಡಿಸಿ, ಸಭೆಯ ನಡುವೆ ಮೌನಿಗಳ ಮೌನ ಬಿಡಿಸಬೇಕು. ಮೊದಲ ನುಡಿಯನ್ನು ಕೇಳುವ ಯೋಗ ತನಗೇ ಸಿಗಬೇಕು. ಆಫೀಸಿನಲ್ಲಿ ದಿನವೂ ಕಿಚಾಯಿಸುವ ಪಂಢರಿನಾಥನಿಗಂತೂ ಮುಂದಿನ ಸಾಲಿನಲ್ಲೇ ಜಾಗ. ಕೆದ್ಲಾಯರು ಸಂತೋಷದಿಂದ ಒಪ್ಪಿದರು. ಒಪ್ಪಿದವರು ಸುಬ್ರಾಯನನ್ನು ಗಲ್ಲಾದ ಹತ್ತಿರ ಕರೆದರು. ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದ ಉಗ್ರಾಣದ ಕೀಲಿಕೈಯನ್ನು ಹೊರಗೆಳೆದು ತೋರಿಸಿದರು.

"ದ್ವಾದಶಿಗೆ ವ್ರತ ಮುಗೀತದೆ. ವ್ರತ ಮುಗಿದ ಮೌನಿ ಬರೀ ಮೂಗ. ಮಳೆಗೆ ಅಕ್ಕಿಯೆಲ್ಲ ಒದ್ದೆ ಆಗಿದೆ, ಗಂಧಕ ತರಿಸಿಟ್ಟಿದ್ದೇನೆ. ಮಾರನೇ ದಿನ ಬೆಳಿಗ್ಗೆ ಇಳೀಬೇಕು. ಗೊತ್ತಾಯ್ತಾ ಮಹಾತ್ಮರೇ?"

ಸುಬ್ರಾಯ ಡಾಕ್ಟರರ ಬಳಿಗೆ ಓಡಿದ. ಅವರು ಕನ್ನಡಿ ಇಟ್ಟು ನೋಡಿ, ಊತ ಇಳಿದಿದೆ ಎಂದರು. ಇನ್ನು ಮಾತಾಡಬಹುದು, ಮೆಲ್ಲಗೆ, ಸ್ವಲ್ಪವೇ. ಕೂಗುವ ಸ್ವರ ಉಳಿದಿದೆಯೋ ಇಲ್ಲವೋ ತಾನು ಹೇಳಲಾರೆ. ಹೊರಗೆ ಬಂದು, ಜಟಕಾ ಕುದುರೆಯ ಕಿವಿಯ ಹತ್ತಿರ ಸುಬ್ರಾಯ ಒಂದು ಸಣ್ಣ 'ಹೋಯ್' ಹಾಕಿ ನೋಡಿದ. ಕುದುರೆ ಕಿವಿ ಅಲ್ಲಾಡಿಸಿತು. ಅಡುಗೆಮನೆಗೆ ಮುಟ್ಟುತ್ತದೆ ಎನ್ನಲು ಅಷ್ಟು ಸಾಕ್ಷಿ ಸಾಲದು.

ದ್ವಾದಶಿಯ ಸಂಜೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ತುಳಸಿಕಟ್ಟೆ, ನೆಲ್ಲಿಕೊಂಬೆ, ದೀಪ. ಪಂಕ್ತಿಯಲ್ಲಿ ಎಲೆ ಹಾಕಿ, ಜನರ ಮುಂದೆ ಹುಳಿಯನ್ನ ಬಡಿಸಿಯಾಗಿತ್ತು. ಮಹಾತ್ಮರ ಅಪ್ಪಣೆಯಾಗದೆ ತುತ್ತು ಎತ್ತಬಾರದೆಂದು ರಾಯರ ಕಟ್ಟಾಜ್ಞೆ. ಪಂಢರಿನಾಥ ಗಡಿಯಾರ ನೋಡಿಕೊಳ್ಳುತ್ತಿದ್ದ. ಹೊರಗೆ ಮಳೆ, ಸ್ಟೇಷನ್ನಿನ ಸಿಳ್ಳೆ, ಜಟಕಾದವರ ಜಗಳ.

ಶೀನನೂ ಬಂದಿದ್ದ. ಜನರ ನಡುವೆ ನುಸುಳಿ ಬಂದು ಸುಬ್ರಾಯನ ಕಿವಿಯಲ್ಲಿ ಹೇಳಿದ: "ನಾಳೆ ನನ್ನ ಹಾಲ್ ತೆರೀತೇನೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿರ್ತೇನೆ. ಅಲ್ಲಿಗೆ ಕೇಳಿದ್ರೆ ಇವತ್ತೇ ಗಂಟು ಕಟ್ಟು. ಕೇಳದಿದ್ರೆ..." ಅವನು ಅಡುಗೆಮನೆಯ ಕಡೆ ನಡೆದ. ಆ ಕಡೆ ಕೆದ್ಲಾಯರು ಕೀಲಿಕೈಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತ ನಿಂತಿದ್ದರು.

ಮೂರು ಮಾರು ದೂರದಲ್ಲಿ ಅಂಬುಜಮ್ಮ ಗಂಡನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ರಾಯರು ಜರಿಪಂಚೆಯಲ್ಲಿ ಸಭೆಯ ನಡುವೆ ಬಂದು, ಚಾತುರ್ಮಾಸ್ಯದ ಬಗ್ಗೆ, ಮೌನದ ಬಗ್ಗೆ, ಮೌನವನ್ನು ಮೊದಲು ಗುರುತಿಸಿದವರ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹುಳಿಯನ್ನ ಆರಿತು. ಕೊನೆಗೆ ಸುಬ್ರಾಯನ ಮುಂದೆ ಉದ್ದಂಡ ಬಿದ್ದು, ಅವನ ಎರಡು ಕಾಲನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

"ಸ್ವಾಮಿ! ಇಷ್ಟು ಕಾಲದ ಮೌನದಲ್ಲಿ ತಮಗೆ ಗೋಚರಿಸಿದ ತತ್ತ್ವ ಯಾವುದು? ತಮ್ಮ ಮೊದಲ ನುಡಿಯಲ್ಲಿ ಈ ಪಾಮರನಿಗೆ ಅಪ್ಪಣೆ ಆಗಬೇಕು!"

ಸುಬ್ರಾಯ ಕೆದ್ಲಾಯರ ಬೆರಳಲ್ಲಿ ತಿರುಗುವ ಕೀಲಿಕೈ ನೋಡಿದ. ದೂರದಲ್ಲಿ, ಅಡುಗೆಮನೆಯ ಬಾಗಿಲಲ್ಲಿ, ಕೇಳಿಸಿಕೊಳ್ಳಲು ಸರಿ ಇದ್ದ ಕಿವಿಗೆ ಕೈ ಆನಿಸಿ ನಿಂತ ಶೀನನನ್ನು ನೋಡಿದ. ಡಾಕ್ಟರರ 'ಮೆಲ್ಲಗೆ' ನೆನಪಾಯಿತು. ಅದನ್ನು ಅಲ್ಲಿಗೇ ಬಿಟ್ಟು, ಹೊಳೆಯಾಚೆಯವನನ್ನು ಕರೆಯುವಾಗ ಎಳೆಯುತ್ತಿದ್ದ ಹಾಗೆ ಉಸಿರನ್ನು ಹೊಟ್ಟೆಯ ತಳದಿಂದ ಎಳೆದ. ಹೊರಬಂದದ್ದು ಹಳೆಯ ಸ್ವರವಲ್ಲ. ಕಲ್ಲಿನ ಮೇಲೆ ತಗಡು ಎಳೆದಂಥ, ನಡುನಡುವೆ ಒಡೆದ, ಕೇಳಿದವರ ಹಲ್ಲು ಜುಮ್ಮೆನ್ನುವ ಹೊಸ ಸ್ವರ. ಅದಕ್ಕೆ ದೀಪ ಅಲುಗಿತು, ಒಳಗೆ ರುಬ್ಬುತ್ತಿದ್ದವನ ಕೈ ನಿಂತಿತು, ಬಾಗಿಲಲ್ಲಿದ್ದ ಶೀನ ಕಿವಿಯಿಂದ ಕೈ ತೆಗೆದ.

"ಬೂಷ್ಟು ಹಿಡಿದ ಉಗ್ರಾಣಕ್ಕೆ ಡಿಡಿಟಿ ಎರಚಿ ಗಂಧಕ ಹಾಕಿದ್ರೆ ಬೂಷ್ಟು ಸಾಯುವುದಿಲ್ಲ, ಒಳಗಿರುವ ಸುಬ್ರಾಯ ಸಾಯ್ತಾನೆ! ನೀವೆಲ್ಲ ಎದುರಿಗಿಟ್ಟುಕೊಂಡು ಕೂತದ್ದು ಅದೇ ಅಕ್ಕಿ! ಅಷ್ಟೇ ನನಗೆ ಗೊತ್ತಾದದ್ದು. ಇನ್ನು ಕಾಲು ಬಿಡಿ!"